ಬುಲೆಟ್‌ಗೆ ಸೈಡ್‌ಕಾರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ನನ್ನ ಬಳಿ 2014ರ 350 ಸಿಸಿ ಬುಲೆಟ್ ಇದೆ. ಪತ್ನಿಗೆ ಮಂಡಿನೋವು ಇರುವುದರಿಂದ ಹಿಂಬದಿ ಸೀಟಿಗೆ ಹತ್ತಿ ಇಳಿಯುವುದು ಕಷ್ಟವಾಗಿದೆ. ಈ ವಯಸ್ಸಿನಲ್ಲಿ ಕಾರು ಕೊಂಡು ಕಲಿಯುವ ಮನಸ್ಸಿಲ್ಲ. ಹರಿಹರಕ್ಕೆ, ಸಂತೇಬೆನ್ನೂರಿಗೆ ಇಬ್ಬರೂ ಹೋಗಿಬರಲು ಅನುಕೂಲವಾಗಲೆಂದು ಬೈಕಿನ ಪಕ್ಕಕ್ಕೆ ಒಂದು ಗಾಲಿಯ ಸೀಟು, ಎಂದರೆ ಸೈಡ್‌ಕಾರ್, ಜೋಡಿಸುವ ಯೋಚನೆ ಮಾಡಿದ್ದೇನೆ. ಪರಿಚಯದ ಗ್ಯಾರೇಜಿನವರು ಎರಡು ದಿನದಲ್ಲಿ ಕೂರಿಸಿಕೊಡುವುದಾಗಿ ಹೇಳುತ್ತಾರೆ. ಮುಂದುವರಿಯಬಹುದೇ?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಮಾನ್ಯರೇ, ಎರಡು ದಿನದಲ್ಲಿ ಸೈಡ್‌ಕಾರ್ ಕೂರಿಸುವುದು ಸಾಧ್ಯ. ಕೂರಿಸಿದ ಮೇಲೆ ಗಾಡಿ ನೆಟ್ಟಗೆ ಓಡುವಂತೆ ಮಾಡುವುದು ಬೇರೆಯೇ ಕೆಲಸ, ಅದಕ್ಕೆ ಹಿಡಿಯುವ ಸಮಯವೂ ಬೇರೆ. ಆ ವಿಷಯಕ್ಕೆ ಬರುವ ಮೊದಲು ತಮ್ಮ ಪತ್ನಿಯವರ ಮಂಡಿಯ ಬಗ್ಗೆ ಒಂದು ಮಾತು. ಸೈಡ್‌ಕಾರಿನ ಸೀಟು ಕುರ್ಚಿಯ ಎತ್ತರದಲ್ಲಿರುವುದಿಲ್ಲ. ಹೆಚ್ಚು ಕಡಿಮೆ ಮಣೆಯ ಮೇಲೆ ಕಾಲು ಚಾಚಿ ಕುಳಿತಂತೆ ಇರುತ್ತದೆ. ಬಾಗಿಲಿಲ್ಲದ ಮಾದರಿಯಾದರೆ ಅಂಚನ್ನು ದಾಟಿ ಕಾಲಿಟ್ಟು, ಮಂಡಿ ಮಡಚಿ, ಕೈಯೂರಿ ಕೆಳಗಿಳಿಯಬೇಕು. ಏಳುವಾಗ ಅದಕ್ಕಿಂತಲೂ ಹೆಚ್ಚು ಪಡಿಪಾಟಲು. ಆದ್ದರಿಂದ ದುಡ್ಡು ಕೊಡುವ ಮೊದಲು ಎಲ್ಲಿಯಾದರೂ ಒಂದು ಸೈಡ್‌ಕಾರ್ ಹುಡುಕಿ, ಅವರನ್ನು ಅದರಲ್ಲಿ ಎರಡು ಮೂರು ಸಲ ಕೂರಿಸಿ ಏಳಿಸಿ ನೋಡಿ. ಬಾಗಿಲಿರುವ, ಸೀಟು ತುಸು ಎತ್ತರಿಸಿದ ಮಾದರಿ ಅವರಿಗೆ ಒಗ್ಗಬಹುದು. ಅದೂ ಒಗ್ಗದಿದ್ದರೆ ಈ ಉತ್ತರದ ಉಳಿದ ಭಾಗವನ್ನು ತಾವು ಓದುವ ಅಗತ್ಯವೇ ಇಲ್ಲ.

ಒಗ್ಗಿತು ಎಂದಾದರೆ ಮುಂದಿನ ಹೆಜ್ಜೆ ಗ್ಯಾರೇಜಿಗಲ್ಲ, ಪ್ರಾದೇಶಿಕ ಸಾರಿಗೆ ಕಚೇರಿಗೆ. ಕಳಚಬಹುದಾದ, ಹೆಚ್ಚುವರಿ ಚಕ್ರವುಳ್ಳ ಸೈಡ್‌ಕಾರ್ ಜೋಡಿಸಿದ ದ್ವಿಚಕ್ರ ವಾಹನವನ್ನೂ 1988ರ ಮೋಟಾರು ವಾಹನ ಕಾಯ್ದೆಯು ಮೋಟಾರ್ ಸೈಕಲ್ ಎಂಬ ವ್ಯಾಖ್ಯೆಯೊಳಗೇ ಸೇರಿಸಿದೆ. ಇದನ್ನೇ ಹಿಡಿದುಕೊಂಡು 'ಕಾನೂನಿನಲ್ಲಿ ಅವಕಾಶವಿದೆ' ಎಂದು ಹೇಳುವವರು ಬಹಳ ಮಂದಿ ಇದ್ದಾರೆ. ಆದರೆ ಅದೇ ಕಾಯ್ದೆಯ 52ನೇ ಕಲಮಿನಂತೆ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಖಚಿತಪಡಿಸಿದೆ. ಅದೇ ವರ್ಷದ ತಿದ್ದುಪಡಿಯು ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಆದ್ದರಿಂದ ಸೈಡ್‌ಕಾರಿನ ಅಳತೆ, ತೂಕ, ತಯಾರಕರ ವಿವರಗಳೊಂದಿಗೆ ದಾವಣಗೆರೆಯ (ಕೆಎ 17) ಸಾರಿಗೆ ಕಚೇರಿಗೆ ಅರ್ಜಿ ಕೊಟ್ಟು, ಒಪ್ಪಿಗೆಯನ್ನು ಲಿಖಿತವಾಗಿ ಪಡೆದ ಮೇಲೆಯೇ ಮುಂಗಡ ಕೊಡಿ. ಒಪ್ಪಿಗೆ ದೊರೆತು ಜೋಡಣೆ ಮುಗಿದರೆ 14 ದಿನಗಳೊಳಗೆ ವರದಿ ಮಾಡಿ ಆರ್‌ಸಿಯಲ್ಲಿ ನಮೂದು ಮಾಡಿಸಬೇಕು. ಒಪ್ಪಿಗೆ ದೊರೆಯದಿದ್ದರೆ ಈ ಯೋಚನೆಯನ್ನು ಕೈಬಿಡುವುದೇ ಸರಿ. 'ಊರೊಳಗೆ ಯಾರು ಕೇಳುತ್ತಾರೆ' ಎಂಬ ಧೈರ್ಯ ಅಪಘಾತವಾಗುವ ದಿನದವರೆಗೆ ಮಾತ್ರ ಉಳಿಯುತ್ತದೆ. ದ್ವಿಚಕ್ರ ವಾಹನದ ವಿಮಾ ಪತ್ರವನ್ನು ತೆಗೆದು ನೋಡಿದರೆ ಅದರಲ್ಲಿ ಸೈಡ್‌ಕಾರಿನ ಮೌಲ್ಯಕ್ಕೆಂದೇ ಸಾಮಾನ್ಯವಾಗಿ ಒಂದು ಅಂಕಣವಿರುತ್ತದೆ. ಬಹುತೇಕರ ಪಾಲಿಸಿಯಲ್ಲಿ ಸೊನ್ನೆಯಾಗಿರುವ ಆ ಅಂಕಣವನ್ನು ವಿಮಾ ಕಂಪನಿಗೆ ತಿಳಿಸಿ ತುಂಬಿಸಿಕೊಳ್ಳಿ.

ಇನ್ನು ಜೋಡಣೆ. ನಾವು ರಸ್ತೆಯ ಎಡಬದಿಯಲ್ಲಿ ಸಾಗುವವರಾದ್ದರಿಂದ ಸೈಡ್‌ಕಾರ್ ಎಡಕ್ಕೇ ಬರುತ್ತದೆ. ಅದು ಬೈಕಿನ ಚಾಸಿಯನ್ನು ನಾಲ್ಕು ಕಡೆ ಹಿಡಿದಿರಬೇಕು: ಕೆಳಗೆ ಎರಡು, ಮೇಲೆ ಎರಡು. ಬುಲೆಟ್ಟಿನ ಚಾಸಿಯ ಕೊಳವೆಗೆ ನೇರವಾಗಿ ವೆಲ್ಡಿಂಗ್ ಮಾಡುತ್ತೇನೆಂದು ಗ್ಯಾರೇಜಿನವರು ಹೇಳಿದರೆ ದಯವಿಟ್ಟು ಗಾಡಿಯನ್ನು ವಾಪಸು ತನ್ನಿ, ಏಕೆಂದರೆ ಕಾಯಿಸಿದ ಕೊಳವೆ ಆ ಬೆಸುಗೆಯ ಪಕ್ಕದಲ್ಲಿಯೇ ಮುಂದೊಂದು ದಿನ ಬಿರುಕು ಬಿಡುವ ಸಂಭವವಿರುತ್ತದೆ. ಕ್ಲಾಂಪು ಹಾಕಿ ಬೋಲ್ಟಿನಿಂದ ಬಿಗಿಯುವುದೇ ಸರಿಯಾದ ಕ್ರಮ.

ಬಿಗಿದ ಮೇಲೆ ಮೂರು ಅಳತೆಗಳನ್ನು ತಾವೇ ನಿಂತು ನೋಡಬೇಕು. ಮೊದಲನೆಯದಾಗಿ, ಸೈಡ್‌ಕಾರಿನ ಗಾಲಿ ಬೈಕಿನ ಹಿಂಗಾಲಿಗೆ ಸಮನಾಗಿ ಇರಬಾರದು. ಅದರ ಅಚ್ಚು ಹಿಂಗಾಲಿಯ ಅಚ್ಚಿಗಿಂತ ಆರರಿಂದ ಹನ್ನೆರಡು ಅಂಗುಲದಷ್ಟು ಮುಂದಿರುವುದು ವಾಡಿಕೆ. ಇಲ್ಲದಿದ್ದರೆ ಬಲ ತಿರುವಿನಲ್ಲಿ ಬ್ರೇಕ್ ಹಾಕಿದಾಗ ಗಾಡಿ ಬೇಗ ತೂಕ ತಪ್ಪುತ್ತದೆ. ಎರಡನೆಯದಾಗಿ, ಆ ಗಾಲಿ ಮುಂದಕ್ಕೆ ಹೋಗುತ್ತ ಬೈಕಿನ ಕಡೆಗೆ ತುಸು ತಿರುಗಿರಬೇಕು. ಬೈಕಿನ ಎರಡೂ ಗಾಲಿಗಳಿಗೆ ತಾಗುವಂತೆ ನೆಟ್ಟನೆಯ ಕಬ್ಬಿಣದ ಪಟ್ಟಿಯೊಂದನ್ನೂ ಸೈಡ್‌ಕಾರಿನ ಗಾಲಿಗೆ ಇನ್ನೊಂದನ್ನೂ ಇಟ್ಟು ಮುಂದೆ ಮತ್ತು ಹಿಂದೆ ಟೇಪು ಹಿಡಿದರೆ, ಮುಂದಿನ ಅಂತರ ಹಿಂದಿನದಕ್ಕಿಂತ ಅರ್ಧದಿಂದ ಒಂದು ಅಂಗುಲ ಕಡಿಮೆ ಬರಬೇಕು. ಈ ವ್ಯತ್ಯಾಸ ಹೆಚ್ಚಾದರೆ ಟೈರು ಉಜ್ಜಿ ಸವೆಯುತ್ತದೆ. ಕಡಿಮೆಯಾದರೆ ಗಾಡಿ ಸದಾ ಎಡಕ್ಕೆ ಎಳೆಯುತ್ತದೆ. ಮೂರನೆಯದು, ಬೈಕು ಸೈಡ್‌ಕಾರಿನಿಂದ ಆಚೆಗೆ, ಎಂದರೆ ಬಲಕ್ಕೆ, ಒಂದೆರಡು ಡಿಗ್ರಿ ವಾಲಿ ನಿಲ್ಲಬೇಕು. ಮಳೆನೀರು ಹರಿಯಲೆಂದು ನಮ್ಮ ರಸ್ತೆಗಳು ಅಂಚಿನ ಕಡೆಗೆ ಇಳಿಜಾರಾಗಿರುವುದರಿಂದ, ಶೆಡ್ಡಿನ ಸಿಮೆಂಟು ನೆಲದ ಮೇಲೆ ನೆಟ್ಟಗೆ ನಿಂತ ಬೈಕು ರಸ್ತೆಗಿಳಿದಾಗ ಎಡಕ್ಕೆ ವಾಲುತ್ತದೆ. ಈ ಮೂರೂ ಅಳತೆಗಳನ್ನು ತಾವು ಬೈಕಿನ ಮೇಲೂ ಪತ್ನಿಯವರು ಸೈಡ್‌ಕಾರಿನಲ್ಲೂ ಕುಳಿತಿರುವಾಗ ತೆಗೆಯಬೇಕು. ಖಾಲಿ ಗಾಡಿಯ ಅಳತೆಯಿಂದ ಪ್ರಯೋಜನವಿಲ್ಲ.

ಚೈನು ಎಡಬದಿಯಲ್ಲಿಯೇ ಇರುವುದರಿಂದ ಅದನ್ನು ಬಿಗಿ ಮಾಡಲು, ಎಣ್ಣೆ ಬಿಡಲು ಕೈ ಆಡುವಷ್ಟು ಜಾಗ ಉಳಿಸಿಕೊಳ್ಳಿ. ಗೇರು ಹಾಕುವ ಕಾಲಿಗೂ ಅದೇ ಮಾತು. ಗಾಲಿಯ ಕಡ್ಡಿಗಳನ್ನು (ಸ್ಪೋಕ್) ತಿಂಗಳಿಗೊಮ್ಮೆ ತಟ್ಟಿ ನೋಡಿಸಿ, ಏಕೆಂದರೆ ವಾಲದೆ ತಿರುಗುವ ಗಾಡಿಯ ಗಾಲಿಗೆ ಅಡ್ಡಬಲ ಬೀಳುತ್ತದೆ, ಬೈಕಿನ ಗಾಲಿಯನ್ನು ಅದಕ್ಕೆಂದು ಕಟ್ಟಿರುವುದಿಲ್ಲ. ಮುಂದಿನ ಬ್ರೇಕು ಡ್ರಮ್ ಆಗಿದ್ದರೆ ಲೈನರುಗಳನ್ನು ಈಗಲೇ ಹೊಸದು ಹಾಕಿಸಿ. ಸೈಡ್‌ಕಾರಿಗೆ ಮುಂದೆಯೂ ಹಿಂದೆಯೂ ದೀಪ ಬೇಕೇ ಬೇಕು, ಇಲ್ಲದಿದ್ದರೆ ಕತ್ತಲಲ್ಲಿ ಎದುರಿನವರಿಗೆ ತಾವು ಒಂಟಿ ಬೈಕಿನಂತೆ ಕಾಣುತ್ತೀರಿ.

ತಾವು ಎಷ್ಟು ವರ್ಷಗಳಿಂದ ಬುಲೆಟ್ ಓಡಿಸುತ್ತಿದ್ದೀರೋ ಅಷ್ಟೂ ವರ್ಷಗಳ ಅಭ್ಯಾಸ ಇಲ್ಲಿ ತಮಗೆ ಅಡ್ಡಿಯಾಗಲಿದೆ. ಬೈಕನ್ನು ವಾಲಿಸಿ ತಿರುಗಿಸುತ್ತೇವೆ; ಸೈಡ್‌ಕಾರ್ ಗಾಡಿ ವಾಲುವುದಿಲ್ಲ, ಹ್ಯಾಂಡಲನ್ನು ತೋಳಿನ ಬಲದಿಂದ ತಿರುಗಿಸಬೇಕು. ಎಕ್ಸಲೇಟರ್ ಕೊಟ್ಟಾಗ ಪಕ್ಕದ ಭಾರ ಹಿಂದುಳಿದು ಗಾಡಿ ಎಡಕ್ಕೆ ಎಳೆಯುತ್ತದೆ, ಬ್ರೇಕ್ ಹಾಕಿದಾಗ ಅದೇ ಭಾರ ಮುಂದಕ್ಕೆ ನುಗ್ಗಿ ಬಲಕ್ಕೆ, ಎಂದರೆ ಎದುರಿನ ಲಾರಿಯ ಕಡೆಗೆ, ತಿರುಗಿಸುತ್ತದೆ. ಎಲ್ಲಕ್ಕಿಂತ ಅಪಾಯದ್ದು ಎಡ ತಿರುವು: ವೇಗ ತುಸು ಹೆಚ್ಚಾದರೂ ಸೈಡ್‌ಕಾರಿನ ಗಾಲಿ ನೆಲ ಬಿಟ್ಟು ಏಳುತ್ತದೆ. ಆಗ ಗಾಬರಿಯಾಗದೆ ಮೈಯನ್ನು ಎಡಕ್ಕೆ ಹಾಕಿ, ವೇಗವನ್ನು ಮೆಲ್ಲನೆ ಇಳಿಸಿ, ಹ್ಯಾಂಡಲನ್ನು ಸ್ವಲ್ಪ ನೇರಮಾಡಬೇಕು. ಪಕ್ಕದಲ್ಲಿ ಯಾರೂ ಇಲ್ಲದೆ ಓಡಿಸುವಾಗ ಈ ಭಯ ಹೆಚ್ಚು. ಅದಕ್ಕೆ ಸೈಡ್‌ಕಾರಿನ ತಳದಲ್ಲಿ 30–40 ಕಿಲೋ ಮರಳಿನ ಮೂಟೆ ಕಟ್ಟಿಕೊಳ್ಳಿ. ನಮ್ಮೂರ ಮಂಡಕ್ಕಿ ಚೀಲ ನೋಡಲು ದೊಡ್ಡದಾದರೂ ಈ ಕೆಲಸಕ್ಕೆ ಬಾರದು. ಒಂದು ಭಾನುವಾರ ಬೆಳಗ್ಗೆ ಹೈಸ್ಕೂಲ್ ಮೈದಾನದಲ್ಲಿ ಜಾಗ ಸಿಕ್ಕರೆ ಅಲ್ಲಿ, ಇಲ್ಲವೇ ಊರ ಹೊರಗಿನ ಖಾಲಿ ಬಡಾವಣೆಯಲ್ಲಿ, ಮೂಟೆಯಿಟ್ಟುಕೊಂಡು ಒಬ್ಬರೇ ಎಡಕ್ಕೂ ಬಲಕ್ಕೂ ಸುತ್ತು ಹಾಕಿ ಕಲಿಯಿರಿ. ಗಂಟೆಗೆ 20–30 ಕಿ.ಮೀ. ವೇಗದಲ್ಲಿ ಹ್ಯಾಂಡಲ್ ನಡುಗಿದರೆ ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದ ಮೇಲೆ ಬಹುಮಟ್ಟಿಗೆ ನಿಲ್ಲುತ್ತದೆ. ಮಂಡಿಪೇಟೆಯ ಓಣಿಗಳಲ್ಲಿ ಇದನ್ನು ತಿರುಗಿಸುವ ಆಸೆಯನ್ನು ಬಿಟ್ಟುಬಿಡಿ. ಸಂತೇಬೆನ್ನೂರಿಗೆ 40 ಕಿ.ಮೀ. ವೇಗದಲ್ಲಿ ಹೋಗುವುದಾದರೆ ಪುಷ್ಕರಣಿ ನೋಡಿಕೊಂಡು ಕತ್ತಲಾಗುವ ಮೊದಲು ಬರಬಹುದು. ಹೆಲ್ಮೆಟ್ ಇಬ್ಬರಿಗೂ ಇರಲಿ.

ಪ್ರಶ್ನೆ: ನನ್ನ ಹಳೆಯ ಯೆಜ್ಡಿಗೆ ಸೈಡ್‌ಕಾರ್ ಹಾಕಿಸಿ, ಕೆಲಸದ ದಿನಗಳಲ್ಲಿ ಕಳಚಿಟ್ಟು ಭಾನುವಾರ ಮಾತ್ರ ಜೋಡಿಸಿಕೊಳ್ಳಬಹುದೇ?
– ಓದುಗರು, ಹೊಳಲ್ಕೆರೆ ರಸ್ತೆ, ಚಿತ್ರದುರ್ಗ

ಉತ್ತರ: ಕಳಚುವುದು ಅರ್ಧ ಗಂಟೆಯ ಕೆಲಸವಾದರೂ, ಮರಳಿ ಜೋಡಿಸಿದಾಗಲೆಲ್ಲ ಮೇಲೆ ಹೇಳಿದ ಅಳತೆಗಳನ್ನು ಮತ್ತೆ ನೋಡಬೇಕು. ಸೈಡ್‌ಕಾರಿನೊಂದಿಗೆ ಓಡಿದ ಹಿಂದಿನ ಟೈರು ನಡುವೆ ಚಪ್ಪಟೆಯಾಗಿ ಸವೆಯುವುದರಿಂದ ಒಂಟಿ ಬೈಕಾಗಿ ವಾಲಿಸುವಾಗ ಹಿಡಿತ ಕಡಿಮೆಯಾಗುತ್ತದೆ. ಯೆಜ್ಡಿಯಲ್ಲಿ ಇನ್ನೊಂದು ತೊಡಕಿದೆ: ಅದರ ಕಿಕ್ ಎಡಗಡೆ, ಗೇರಿನ ಲಿವರೇ ಕಿಕ್ ಕೂಡ. ಸೈಡ್‌ಕಾರ್ ಬಂದ ಮೇಲೆ ನಿಂತು ತುಳಿಯಲು ಜಾಗವಿರುವುದಿಲ್ಲ, ಸೀಟಿನ ಮೇಲೆ ಕುಳಿತೇ ಸಂದಿಯಲ್ಲಿ ಎಡಗಾಲಿನಿಂದ ತುಳಿಯಬೇಕು. ಜೋಡಿ ಸೈಲೆನ್ಸರಿನ ಮಾದರಿಯಾದರೆ ಎಡಗಡೆಯದು ಕೆಳಗಿನ ಕ್ಲಾಂಪಿಗೆ ತಾಗದಂತೆ ನೋಡಿಕೊಳ್ಳಿ. ಹಾಕಿಸುವುದಾದರೆ ಖಾಯಂ ಆಗಿ ಹಾಕಿಸಿ, ಓಡಾಟಕ್ಕೆ ಬೇರೆ ಬೈಕಿಟ್ಟುಕೊಳ್ಳಿ. ತಮ್ಮ ಭಾಗದ ಗಾಳಿ ಗುಡ್ಡಗಳ ಮೇಲಿನ ರೆಕ್ಕೆಯಂತ್ರಗಳನ್ನು ತಿರುಗಿಸುವಷ್ಟು ಜೋರಿನದು. ಆಷಾಢದಲ್ಲಿ ಹೆದ್ದಾರಿಗೆ ಇಳಿಯುವಾಗ ಸೈಡ್‌ಕಾರಿನ ಗಾಜಿನ ಮರೆಯನ್ನು ಬಿಚ್ಚಿಟ್ಟು ಹೋಗುವುದು ಒಳ್ಳೆಯದು.

ಪ್ರಶ್ನೆ: 100 ಸಿಸಿ ಬೈಕಿಗೆ ಹಗುರವಾದ ಸೈಡ್‌ಕಾರ್ ಹಾಕಬಹುದೇ?
– ಓದುಗರು, ಹರಿಹರ

ಉತ್ತರ: ಬೇಡ. ಆ ಎಂಜಿನ್ನಿನ ಎಂಟು ಅಶ್ವಶಕ್ತಿ ಇಬ್ಬರನ್ನು ಹೊರಲು ಸಾಕು. ಕಬ್ಬಿಣದ ಚೌಕಟ್ಟು, ಮೂರನೆಯ ಗಾಲಿ ಸೇರಿದರೆ ಏರಿನಲ್ಲಿ ಎರಡನೇ ಗೇರಿಗೆ ಇಳಿದು ಕ್ಲಚ್ ಪ್ಲೇಟು ಸುಡುತ್ತದೆ. ಚಾಸಿಯ ಕೊಳವೆಗಳೂ ತೆಳು, ಬ್ರೇಕುಗಳೂ ಚಿಕ್ಕವು.