ಕುಡಿದಿರಲಿಲ್ಲ: ಬೇಸಿಗೆ, ನೋವಿನ ಗುಳಿಗೆ ಮತ್ತು ಲಿಥಿಯಂ

ಏಪ್ರಿಲ್ ಮುಗಿಯುವ ಹೊತ್ತಿಗೆ ಸಿಂಧನೂರು, ಮಾನ್ವಿ, ಕಾರಟಗಿ ಕಡೆಯಿಂದ ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಒಂದೇ ಬಗೆಯ ಪ್ರಕರಣಗಳು ಬರತೊಡಗುತ್ತವೆ. ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಗೆ, ಮನಸ್ಸಿನ ಆ ಏರಿಳಿತ ತಡೆಯುವ ಲಿಥಿಯಂ ಔಷಧ ತೆಗೆದುಕೊಳ್ಳುತ್ತ ವರ್ಷಗಟ್ಟಲೆ ಚೆನ್ನಾಗಿದ್ದವರು ಬಿಸಿಲು ಏರುತ್ತಿದ್ದಂತೆ ಕೈ ನಡುಗಿ, ಮಾತು ತೊದಲಿ, ಹೊಟ್ಟೆ ಕೆಟ್ಟು ಬರುತ್ತಾರೆ. "ಹಳೇದು ತಿರುಗಿ ಬಂತು" ಎಂದು ಕೆಲವು ಮನೆಯವರು ಹೇಳುತ್ತಾರೆ, "ಬಿಸಲಿಗೆ ನಿಶ್ಶಕ್ತಿ ಆಗೇತಿ" ಎಂದು ಇನ್ನು ಕೆಲವರು. ರಕ್ತದಲ್ಲಿ ಲಿಥಿಯಂ ಮಟ್ಟ ಏರಿರಬಹುದು ಎಂಬುದು ಯಾರಿಗೂ ಹೊಳೆದಿರುವುದಿಲ್ಲ. ವೈದ್ಯರು ಬರೆದಷ್ಟನ್ನೇ, ಒಂದು ಗುಳಿಗೆಯೂ ಹೆಚ್ಚಾಗದಂತೆ ನುಂಗಿದವರಿಗೂ ಲಿಥಿಯಂ ವಿಷವಾಗಬಹುದು. ಇದನ್ನು ಬರೆಯುತ್ತಿರುವುದು ಆ ಕಾರಣಕ್ಕೆ.

ಇಲ್ಲಿ ಅವರನ್ನು ಬಸವರಾಜ ಎನ್ನೋಣ. ಗುರುತು ಹತ್ತಬಾರದೆಂದು ಹೆಸರು, ಕೆಲಸ, ಮನೆಯ ವಿವರಗಳನ್ನು ಬದಲಿಸಿದೆ. ನಲವತ್ತು ದಾಟಿದ ವಯಸ್ಸು, ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ. ಹಿಂದೆ ಎರಡು ಸಲ ಉನ್ಮಾದ ಏರಿ ಸಾಲ ಮಾಡಿಕೊಂಡು, ನಿದ್ದೆಗೆಟ್ಟು ಊರು ಸುತ್ತಿದ್ದರು. ಲಿಥಿಯಂ ಶುರುವಾದ ಮೇಲೆ ಆರು ವರ್ಷ ಶಾಂತ. ರಾತ್ರಿ ಊಟವಾದ ಮೇಲೆ 400 ಮಿಲಿಗ್ರಾಂನ ನಿಧಾನವಾಗಿ ಕರಗುವ ಗುಳಿಗೆ ಎರಡು.

ಗಂಡ ಹೆಂಡತಿ ಅಂದು ಬಂದದ್ದು ಮನೆಯ ಜಗಳದ ಸಲುವಾಗಿ. ಬೇಸಿಗೆ ಬೆಳೆಯ ಭತ್ತ ಮಿಲ್ಲಿಗೆ ಬರುತ್ತಿದ್ದ ದಿನಗಳವು. ತೂಕದ ಕಟ್ಟೆಯ ಹತ್ತಿರ ತೂರಾಡುತ್ತ ನಿಂತಿದ್ದ ಬಸವರಾಜರನ್ನು ಮಾಲೀಕರು "ಹಗಲs ಕುಡದು ಬಂದಿ" ಎಂದು ಮನೆಗೆ ಕಳಿಸಿದ್ದರು. ಮನೆಯಲ್ಲಿ ಅಣ್ಣನೂ ಅದನ್ನೇ ನಂಬಿ ಬಾಯಿಗೆ ಬಂದಂತೆ ಬೈದಿದ್ದ. ಬಸವರಾಜರು ಹೆಚ್ಚು ಮಾತಾಡಲಿಲ್ಲ, ಆಡಿದ ಮಾತೂ ಎಳೆದೆಳೆದು ಬರುತ್ತಿತ್ತು. ಅಷ್ಟರಲ್ಲಿ ಹೆಂಡತಿ ಹೇಳಿದರು:

"ಇವರು ಕುಡಿಯಂಗಿಲ್ಲರಿ ಮೇಡಂ. ಗುಳಿಗೀನೂ ಒಂದಿನ ತಪ್ಪಿಸಿಲ್ಲ, ನಾನs ಎಣಿಸಿ ಕೊಡ್ತೀನಿ. ಆದ್ರ ಹ್ವಾದ ಬ್ಯಾಸಿಗ್ಯಾಗೂ ಕೈ ನಡುಗಿದ್ವರಿ. ಮಳಿ ಬಿದ್ದ ಮ್ಯಾಲೆ ತಾನs ಕಡಿಮಿ ಆತು. ಬಿಸಿಲು ಬಂದ್ರ ಇವರು ಬ್ಯಾರೇನs ಆಗ್ತಾರ."

ಇಡೀ ಪ್ರಕರಣ ತಿರುಗಿದ್ದು ಈ ಮಾತಿನಿಂದ. ಬೈಪೋಲಾರ್ ಇರುವವರ ನಡವಳಿಕೆ ಬದಲಾದರೆ ಎಲ್ಲರೂ ಮೊದಲು ಕೇಳುವುದು "ಗುಳಿಗೆ ಬಿಟ್ಟಿರೇನು?" ಎಂದು. ಈ ಹೆಣ್ಣುಮಗಳು ಆ ಬಾಗಿಲನ್ನು ಮುಚ್ಚಿ, ಋತುವನ್ನು ತೋರಿಸಿದರು. ಜಗಳದ ಮಾತನ್ನು ಅಲ್ಲಿಗೇ ಬಿಟ್ಟು ಬಸವರಾಜರ ಕೈಗೆ ಪೆನ್ನು ಕೊಟ್ಟು ಹೆಸರು ಬರೆಯಲು ಹೇಳಿದೆ. ಹಳೆಯ ಕಾಗದದಲ್ಲಿದ್ದ ಅವರ ಸಹಿ ದುಂಡಗಿತ್ತು. ಈಗ ಬರೆದದ್ದು ಓದಲು ಬರುವಂತಿರಲಿಲ್ಲ. ಲಿಥಿಯಂ ತೆಗೆದುಕೊಳ್ಳುವ ಅನೇಕರಿಗೆ ಕೈ ಚಾಚಿದಾಗ ಬೆರಳ ತುದಿಯಲ್ಲಿ ಸಣ್ಣ ನಡುಕ ಇರುತ್ತದೆ, ಬಾಯಾರಿಕೆ ಇರುತ್ತದೆ, ಮೂತ್ರ ಹೆಚ್ಚು ಹೋಗುತ್ತದೆ. ಇವು ಔಷಧ ಸರಿಯಾದ ಮಟ್ಟದಲ್ಲಿದ್ದಾಗಲೂ ಇರಬಹುದು. ಲೋಟ ಹಿಡಿದರೆ ನೀರು ಚೆಲ್ಲುವಷ್ಟು ಒರಟಾದ ನಡುಕ, ನಡೆಯುವಾಗ ತೂರಾಟ, ತೊದಲು, ಮಂಪರು, ವಾಂತಿ ಭೇದಿ, ಸ್ನಾಯುಗಳ ಅದುರಾಟ ಇವೆಲ್ಲ ಬೇರೆಯೇ ಮಾತು. ಇವು ಮಟ್ಟ ಏರಿದ್ದರ ಗುರುತು. ಕುಡಿದವರಂತೆ ಕಾಣಿಸುವುದೂ ಇದರಿಂದಲೇ.

ಆಮೇಲೆ ಕೇಳಿದ್ದು ನಾಲ್ಕೇ ಪ್ರಶ್ನೆ. ಬೇರೆ ಯಾವ ಗುಳಿಗೆ ತೆಗೆದುಕೊಳ್ಳುತ್ತೀರಿ? "ಯಾವ್ದೂ ಇಲ್ಲರಿ." ಮೈಕೈ ನೋವಿಗೆ? "ಅದಾ? ಮೊಣಕಾಲು ಹಿಡದಾಗ ಮೆಡಿಕಲ್ ಶಾಪಿನ್ಯಾಗ ಕೊಡ್ತಾರ, ದಿನಾ ಎರಡು." ಗುಳಿಗೆಯ ಸ್ಟ್ರಿಪ್ ತರಿಸಿ ನೋಡಿದರೆ ಡೈಕ್ಲೋಫೆನಾಕ್. ಬಿ.ಪಿ.ಗೆ? ಎರಡು ತಿಂಗಳ ಹಿಂದೆ ಬೇರೊಂದು ಕಡೆ ಬಿ.ಪಿ. ಹೆಚ್ಚು ಎಂದು ಶುರುಮಾಡಿದ ಗುಳಿಗೆ ಇತ್ತು, ಟೆಲ್ಮಿಸಾರ್ಟಾನ್ ಮತ್ತು ಹೈಡ್ರೋಕ್ಲೋರೋಥಯಾಜೈಡ್ ಎರಡೂ ಸೇರಿದ್ದು. ಲಿಥಿಯಂ ನುಂಗುತ್ತಿರುವುದನ್ನು ಅಲ್ಲಿ ಇವರು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ. ಊಟ ಹೇಗೆ? ಬಿ.ಪಿ. ಎಂದು ಕೇಳಿದ ದಿನದಿಂದ ಉಪ್ಪಿನಕಾಯಿ ಬಿಟ್ಟಿದ್ದರು, ಪಲ್ಯಕ್ಕೆ ಉಪ್ಪು ಹಾಕುವುದನ್ನು ಹೆಂಡತಿ ನಿಲ್ಲಿಸಿದ್ದರು. ಇದರ ಮೇಲೆ ಎರಡು ದಿನದಿಂದ ಭೇದಿ, ಹೊರಗೆ ನಲವತ್ತು ಡಿಗ್ರಿ ದಾಟಿದ ಬಿಸಿಲು.

ಲಿಥಿಯಂ ದೇಹದಿಂದ ಹೊರಹೋಗುವುದು ಹೆಚ್ಚುಕಡಿಮೆ ಪೂರ್ತಿ ಮೂತ್ರಪಿಂಡದ ಮೂಲಕ. ಉಪ್ಪಿನಲ್ಲಿರುವ ಸೋಡಿಯಂ ಮತ್ತು ಲಿಥಿಯಂ ರಸಾಯನದಲ್ಲಿ ಒಂದೇ ಬಳಗದವು. ಬೆವರಿ, ಭೇದಿಯಾಗಿ, ಉಪ್ಪು ಬಿಟ್ಟು ಮೈಯಲ್ಲಿ ಸೋಡಿಯಂ ಕಡಿಮೆಯಾದಾಗ ಮೂತ್ರಪಿಂಡ ಅದನ್ನು ಹೊರಬಿಡದೆ ಹಿಂದಕ್ಕೆ ಹೀರಿಕೊಳ್ಳುತ್ತದೆ, ಜೊತೆಯಲ್ಲಿ ಲಿಥಿಯಂ ಕೂಡ ಹಿಂದಿರುಗುತ್ತದೆ. ಹೈಡ್ರೋಕ್ಲೋರೋಥಯಾಜೈಡ್‌ನಂಥ ಥಯಾಜೈಡ್ ಗುಂಪಿನ ಮೂತ್ರವರ್ಧಕ ಸೋಡಿಯಂ ಹೊರಗೆ ಹಾಕಿಸಿ ಇದೇ ಕೆಲಸವನ್ನು ಇನ್ನಷ್ಟು ಜೋರಾಗಿ ಮಾಡಿಸುತ್ತದೆ. ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಎನಲಾಪ್ರಿಲ್, ರಾಮಿಪ್ರಿಲ್‌ನಂಥ ಬಿ.ಪಿ. ಗುಳಿಗೆಗಳೂ ಮಟ್ಟ ಏರಿಸಬಲ್ಲವು. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸಿಕ್ಲೋಫೆನಾಕ್, ನ್ಯಾಪ್ರೊಕ್ಸೆನ್‌ನಂಥ ನೋವಿನ ಗುಳಿಗೆಗಳು ಮೂತ್ರಪಿಂಡದ ರಕ್ತದ ಹರಿವನ್ನು ತಗ್ಗಿಸಿ ಲಿಥಿಯಂ ಹೊರಹೋಗುವುದನ್ನು ತಡೆಯುತ್ತವೆ. ಬಸವರಾಜರಲ್ಲಿ ಇವೆಲ್ಲ ಒಂದೇ ತಿಂಗಳಲ್ಲಿ ಕೂಡಿದ್ದವು.

ಉಪ್ಪಿನ ಈ ನಂಟು ಜಗತ್ತಿಗೆ ಬಹಳ ದುಬಾರಿಯಾಗಿ ತಿಳಿಯಿತು. ಆಸ್ಟ್ರೇಲಿಯಾದ ಮನೋವೈದ್ಯ ಜಾನ್ ಕೇಡ್ ಉನ್ಮಾದಕ್ಕೆ ಲಿಥಿಯಂ ಒಗ್ಗುತ್ತದೆಂದು ಪ್ರಕಟಿಸಿದ್ದು 1949ರಲ್ಲಿ. ಅದೇ ವರ್ಷ ಅಮೆರಿಕದಲ್ಲಿ ಉಪ್ಪು ಬಿಡಬೇಕಾದ ಹೃದ್ರೋಗಿಗಳಿಗೆಂದು ಉಪ್ಪಿನ ಬದಲಿಗೆ ಲಿಥಿಯಂ ಕ್ಲೋರೈಡ್ ಮಾರಿ, ಜನ ಸತ್ತು, ಅದನ್ನು ಅಂಗಡಿಗಳಿಂದ ಹಿಂತೆಗೆಯಬೇಕಾಯಿತು. ಉಪ್ಪು ಬಿಟ್ಟ ಮೈಗೆ ಅಳತೆಯಿಲ್ಲದೆ ಲಿಥಿಯಂ ಸೇರಿತ್ತು. ಆ ಹೆದರಿಕೆಯಿಂದ ಅಲ್ಲಿ ಈ ಔಷಧಕ್ಕೆ ಒಪ್ಪಿಗೆ ಸಿಗಲು 1970 ಆಯಿತು.

ಅಂದು ಕೊಟ್ಟ ಸಲಹೆ ಹೀಗಿತ್ತು: ಈ ರಾತ್ರಿಯ ಲಿಥಿಯಂ ನುಂಗಬೇಡಿ, ನೋವಿನ ಗುಳಿಗೆ ಮುಟ್ಟಬೇಡಿ, ಇಲ್ಲಿಂದಲೇ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಹೋಗಿ, ಎಲ್ಲ ಗುಳಿಗೆಗಳ ಚೀಟಿ ಕೈಯಲ್ಲಿರಲಿ. ಅವರ ಮನೋವೈದ್ಯರಿಗೆ ಆ ಕೂಡಲೇ ಫೋನ್ ಮಾಡಿ ತಿಳಿಸಿದ್ದಾಯಿತು, ಅವರೂ ಹಾಗೇ ಹೇಳಿದರು. ಆಪ್ತಸಲಹೆಗಾರರು ಔಷಧದ ವಿಷಯಕ್ಕೆ ಕೈಹಾಕಬಾರದು ಎಂಬ ಆಕ್ಷೇಪ ಇದೆ, ಅದು ನ್ಯಾಯವೂ ಹೌದು. ಪ್ರಮಾಣ ಏರಿಸುವುದು, ಇಳಿಸುವುದು, ಬದಲಿಸುವುದು ವೈದ್ಯರ ಕೆಲಸ. ಆದರೆ ವಿಷದ ಲಕ್ಷಣ ಕಣ್ಣೆದುರಿಗೆ ಇದ್ದಾಗ ಮುಂದಿನ ಗುಳಿಗೆ ತಡೆದು ಆಸ್ಪತ್ರೆಗೆ ಕಳಿಸುವುದು ಚಿಕಿತ್ಸೆ ನಿಲ್ಲಿಸಿದಂತೆ ಆಗುವುದಿಲ್ಲ. ಮುಂದಿನ ವಾರದ ಅಪಾಯಿಂಟ್‌ಮೆಂಟ್ ಕೊಟ್ಟು ಕಳಿಸಿದ್ದರೆ ಅವರ ಮಿದುಳಿಗೂ ಮೂತ್ರಪಿಂಡಕ್ಕೂ ಉಳಿಯುವಂಥ ಹಾನಿಯಾಗಬಹುದಿತ್ತು.

ಆಸ್ಪತ್ರೆಯಲ್ಲಿ ನೋಡಿದಾಗ ಲಿಥಿಯಂ ಮಟ್ಟ ಲೀಟರಿಗೆ 1.9 ಮಿಲಿಮೋಲ್ ಇತ್ತು. ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ 0.6ರಿಂದ 0.8ರ ನಡುವೆ ಇಡುತ್ತಾರೆ, ಕೆಲವರಲ್ಲಿ 1.0ರವರೆಗೆ. 1.5 ದಾಟಿದರೆ ವಿಷದ ಲಕ್ಷಣಗಳು ಎದ್ದು ಕಾಣುತ್ತವೆ, 2 ದಾಟಿದರೆ ಫಿಟ್ಸ್, ಪ್ರಜ್ಞೆ ತಪ್ಪುವ ಅಪಾಯ, ಕೆಲವರಿಗೆ ಡಯಾಲಿಸಿಸ್ ಬೇಕಾಗುತ್ತದೆ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ, ವಯಸ್ಸಾದವರಲ್ಲಿ ಇದಕ್ಕಿಂತ ಕಡಿಮೆ ಅಂಕಿಯಲ್ಲೂ ಲಕ್ಷಣ ಕಾಣಿಸಬಹುದು. ಹಾಗಾಗಿ ಅಂಕಿಯೊಂದನ್ನೇ ನೋಡದೆ ಮನುಷ್ಯನನ್ನೂ ನೋಡಬೇಕು. ಬಸವರಾಜರಿಗೆ ಸಲೈನ್ ಹಚ್ಚಿದರು, ಡಯಾಲಿಸಿಸ್ ಬೇಕಾಗಲಿಲ್ಲ. ಕೆಲವು ದಿನಗಳಲ್ಲಿ ಮಟ್ಟ ಇಳಿಯಿತು. ಕೈ, ಮಾತು ಪೂರ್ತಿ ಸರಿಹೋಗಲು ಇನ್ನೂ ಹೆಚ್ಚು ಸಮಯ ಹಿಡಿಯಿತು, ಮಿದುಳಿನಿಂದ ಲಿಥಿಯಂ ಹೊರಬರುವುದು ರಕ್ತದಿಂದ ಬರುವುದಕ್ಕಿಂತ ನಿಧಾನ. ಅವರ ಹಿಂದಿನ ರಕ್ತಪರೀಕ್ಷೆ ಆಗಿ ವರ್ಷದ ಮೇಲಾಗಿತ್ತು.

ಆಸ್ಪತ್ರೆಯಿಂದ ಬಂದ ಮೇಲೆ ಹೆಂಡತಿ ಕೇಳಿದ ಪ್ರಶ್ನೆ ನೇರವಾಗಿತ್ತು: "ಇಂಥಾ ಗುಳಿಗಿ ಬ್ಯಾಡೇ ಬ್ಯಾಡ ಅಂತ ಬಿಟ್ರ?" ಬಿಡಬೇಡಿ ಎಂದೆ, ಕಾರಣಗಳನ್ನೂ ಹೇಳಿದೆ. ಲಿಥಿಯಂ ಏಕಾಏಕಿ ನಿಲ್ಲಿಸಿದರೆ ಕೆಲವೇ ತಿಂಗಳೊಳಗೆ ಉನ್ಮಾದ ಮರಳುವ ಸಂಭವ ಬಹಳ. ನಿಲ್ಲಿಸಲೇಬೇಕಾದರೂ ವೈದ್ಯರು ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳು ತೆಗೆದುಕೊಂಡು ನಿಧಾನಕ್ಕೆ ಇಳಿಸುತ್ತಾರೆ. ಆತ್ಮಹತ್ಯೆಯ ಅಪಾಯ ತಗ್ಗಿಸುವ ವಿಷಯದಲ್ಲಿ ಈ ಔಷಧದಷ್ಟು ಸಾಕ್ಷ್ಯ ಇರುವ ಔಷಧಗಳು ಮನೋವೈದ್ಯದಲ್ಲಿ ಕಡಿಮೆ. ಆರು ವರ್ಷ ಈ ಮನೆ ಸಾಲವಿಲ್ಲದೆ, ಆಸ್ಪತ್ರೆಯಿಲ್ಲದೆ ನಡೆದದ್ದು ಇದರಿಂದ. ವೈದ್ಯರು ಕಡಿಮೆ ಪ್ರಮಾಣದಲ್ಲಿ ಮತ್ತೆ ಶುರುಮಾಡಿದರು, ಬಿ.ಪಿ. ಗುಳಿಗೆ ಬದಲಿಸಿ ಆಮ್ಲೋಡಿಪಿನ್ ಕೊಟ್ಟರು.

ಇಷ್ಟೆಲ್ಲ ಅಪಾಯ ಹೇಳಿದರೆ ಜನ ಹೆದರಿ ಗುಳಿಗೆ ಬಿಡುತ್ತಾರೆ, ಆದ್ದರಿಂದ ಹೇಳಬಾರದು ಎನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಯಾಕೆ ಹೀಗಾಯಿತೆಂದು ತಿಳಿಯದ ಮನೆ ಎಲ್ಲ ತಪ್ಪನ್ನೂ ಲಿಥಿಯಂ ಮೇಲೆ ಹಾಕಿ ಬಿಡಿಸುತ್ತದೆ. ಕಾರಣ ತಿಳಿದ ಮನೆ ನೋವಿನ ಗುಳಿಗೆಯನ್ನು ಬಿಡಿಸುತ್ತದೆ. ದೇಶದ ತುಂಬ ನಡೆಯುತ್ತಿರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1985ರಿಂದ ನಿಮ್ಹಾನ್ಸ್ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಮನಸ್ಸಿನ ಕಾಯಿಲೆಯ ಔಷಧ ಹಳ್ಳಿಯವರೆಗೆ ಮುಟ್ಟಬೇಕೆಂಬುದು ಈ ನೆಲದಲ್ಲೇ ಸಾಧಿಸಿ ತೋರಿಸಿದ ಮಾತು. ಔಷಧ ಮುಟ್ಟಿದ ಕಡೆ ಅದರ ಎಚ್ಚರಿಕೆಯೂ ಮುಟ್ಟಬೇಕು.

ಆ ಮನೆಗೆ ಹೇಳಿದ್ದನ್ನು ಲಿಥಿಯಂ ಇರುವ ಎಲ್ಲ ಮನೆಗಳಿಗೂ ಹೇಳುತ್ತೇನೆ. ರಕ್ತಪರೀಕ್ಷೆ ಕೊನೆಯ ಗುಳಿಗೆ ನುಂಗಿದ 12 ಗಂಟೆಗೆ ಸರಿಯಾಗಿ ಆಗಬೇಕು. ರಾತ್ರಿ 9ಕ್ಕೆ ನುಂಗಿದರೆ ಬೆಳಿಗ್ಗೆ 9ಕ್ಕೆ ಲ್ಯಾಬಿನಲ್ಲಿರಿ. ಬೆಳಿಗ್ಗೆಯೂ ಗುಳಿಗೆ ಇದ್ದವರು ರಕ್ತ ಕೊಟ್ಟ ಮೇಲೆಯೇ ನುಂಗಿ, ಮೊದಲೇ ನುಂಗಿದರೆ ಅಂಕಿ ಸುಳ್ಳಾಗಿ ಹೆಚ್ಚು ಬರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಹಾಕಿದ ಕೊಳವೆಗಳೂ ಇರುತ್ತವೆ, ಅದರಲ್ಲಿ ತೆಗೆದರೂ ಹಾಗೇ ಆಗುತ್ತದೆ. "ಲಿಥಿಯಂ ಲೆವೆಲ್‌ಗೆ" ಎಂದು ಲ್ಯಾಬಿನವರಿಗೆ ಬಾಯಿಬಿಟ್ಟು ಹೇಳಿ. ಶುರುಮಾಡಿದಾಗ ಅಥವಾ ಪ್ರಮಾಣ ಬದಲಿಸಿದಾಗ ಒಂದು ವಾರಕ್ಕೆ, ಮಟ್ಟ ನಿಂತ ಮೇಲೆ ಮೊದಲ ವರ್ಷ 3 ತಿಂಗಳಿಗೊಮ್ಮೆ, ಆಮೇಲೆ ವೈದ್ಯರು ಹೇಳಿದಂತೆ 3 ಅಥವಾ 6 ತಿಂಗಳಿಗೊಮ್ಮೆ. 6 ತಿಂಗಳಿಗೊಮ್ಮೆ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಂ ಕೂಡ. ನಮ್ಮ ಭಾಗದಲ್ಲಿ ಇದರಲ್ಲೊಂದು ಪರೀಕ್ಷೆ ಬಿಸಿಲು ಏರುವ ಮೊದಲು, ಮಾರ್ಚ್‌ನಲ್ಲಿ ಬರುವಂತೆ ನೋಡಿಕೊಳ್ಳಿ.

ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಎರಡು ಮೂರು ಔಷಧ ಸೇರಿಸಿದ "ಕಾಂಬಿನೇಷನ್" ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಜೊತೆ ಡೈಕ್ಲೋಫೆನಾಕ್ ಅಥವಾ ಅಸಿಕ್ಲೋಫೆನಾಕ್ ಇರಬಹುದು, ಸ್ಟ್ರಿಪ್‌ನ ಹಿಂದಿನ ಸಣ್ಣ ಅಕ್ಷರ ಓದಿಸಿ. ಉಪ್ಪು ಪ್ರತಿದಿನ ಒಂದೇ ಹದದಲ್ಲಿರಲಿ. ಏಕಾಏಕಿ ಬಿಟ್ಟರೆ ಮಟ್ಟ ಏರುತ್ತದೆ, ಏಕಾಏಕಿ ಹೆಚ್ಚಿಸಿದರೆ ಇಳಿದು ಕಾಯಿಲೆ ಮರಳಬಹುದು. ಬಿ.ಪಿ.ಗೆ ಉಪ್ಪು ಕಡಿಮೆ ಮಾಡಬೇಕಾದರೆ ಲಿಥಿಯಂ ಕೊಡುವ ವೈದ್ಯರಿಗೆ ಮೊದಲು ತಿಳಿಸಿ. ಬಿಸಿಲಲ್ಲಿ ದುಡಿಯುವವರು ಬಾಯಾರುವವರೆಗೆ ಕಾಯದೆ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯುತ್ತಿರಿ. ನೀರು ಬಿಟ್ಟು ಮಾಡುವ ಉಪವಾಸ, ರೋಜಾ ಹಿಡಿಯುವ ಮೊದಲು ವೈದ್ಯರನ್ನು ಕೇಳಿ. ನಿಧಾನವಾಗಿ ಕರಗುವ ಗುಳಿಗೆಯನ್ನು ಅಗಿಯಬಾರದು, ಪುಡಿ ಮಾಡಬಾರದು. ಒಂದು ರಾತ್ರಿ ಮರೆತರೆ ಮರುದಿನ ಎರಡು ದಿನದ್ದು ಸೇರಿಸಿ ನುಂಗಬಾರದು. ಅಂಗಡಿಯವರು ಬೇರೆ ಕಂಪನಿಯ ಸ್ಟ್ರಿಪ್ ಕೊಟ್ಟಾಗ 300 ಇದೆಯೋ 400 ಇದೆಯೋ, ಮೊದಲಿನಂತೆ ನಿಧಾನ ಕರಗುವುದೋ ಎಂದು ನೋಡಿ. ಗರ್ಭಿಣಿಯಾಗುವ ಯೋಚನೆ ಇರುವವರು ಮೊದಲೇ ವೈದ್ಯರ ಹತ್ತಿರ ಮಾತಾಡಿ.

ಬಸವರಾಜರ ಜೇಬಿನಲ್ಲಿ ಈಗ ಒಂದು ಚೀಟಿ ಇದೆ: "ಲಿಥಿಯಂ ತೆಗೆದುಕೊಳ್ಳುತ್ತೇನೆ. ಬೇರೆ ಔಷಧ ಕೊಡುವ ಮುಂಚೆ ನೋಡಿ." ಬೈಪೋಲಾರ್ ಎಂಬ ಮಾತು ಅದರಲ್ಲಿ ಬೇಡವೆಂದರು, ಬರೆಯಲಿಲ್ಲ. ಮಿಲ್ಲಿನ ಮಾಲೀಕರಿಗೆ ಏನು ಹೇಳಬೇಕು ಎಂಬುದೇ ಅವರಿಗೆ ಎಲ್ಲಕ್ಕಿಂತ ದೊಡ್ಡ ಚಿಂತೆಯಾಗಿತ್ತು. ಕಾಯಿಲೆಯ ವಿವರ ಗುಟ್ಟಾಗಿರಬೇಕೆಂಬ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವರಿಗೆ ಕೊಟ್ಟಿದೆ. ಬಿ.ಪಿ. ಗುಳಿಗೆ, ನೋವಿನ ಗುಳಿಗೆ ಬೇರೊಂದು ಔಷಧದ ಜೊತೆ ಸೇರಿ ಮೈಗೆ ಆಗಲಿಲ್ಲ, ಆಸ್ಪತ್ರೆಯಲ್ಲಿದ್ದೆ ಎಂದಷ್ಟೇ ಹೇಳಿದರೆ ಸಾಕು, ಅದು ನಿಜವೂ ಹೌದು ಎಂದು ಸಲಹೆ ಕೊಟ್ಟೆ. ಹಾಗೇ ಹೇಳಿದರು, ಕೆಲಸ ಉಳಿಯಿತು. ಅಣ್ಣನಿಗೆ ಮಾತ್ರ ಪೂರ್ತಿ ವಿಷಯ ತಿಳಿಸಲು ಅವರೇ ಒಪ್ಪಿದರು, ಏಕೆಂದರೆ ಹೆಂಡತಿ ಊರಲ್ಲಿ ಇಲ್ಲದಾಗ ಲಕ್ಷಣ ಗುರುತಿಸಲು ಇನ್ನೊಬ್ಬರು ಬೇಕು.

ವಾಂತಿ ಅಥವಾ ಭೇದಿ ಶುರುವಾದರೆ ಅಂದೇ ವೈದ್ಯರಿಗೆ ಫೋನ್ ಮಾಡಿ, ಅವರು ಹೇಳುವವರೆಗೆ ಮುಂದಿನ ಲಿಥಿಯಂ ನುಂಗಬೇಡಿ, ಓ.ಆರ್.ಎಸ್. ಕುಡಿಯುತ್ತಿರಿ. ಒರಟು ನಡುಕ, ತೂರಾಟ, ತೊದಲು, ಮಂಪರು ಕಂಡರೆ ಬೆಳಗಾಗುವವರೆಗೆ ಕಾಯದೆ 108ಕ್ಕೆ ಕರೆ ಮಾಡಿ, ತುರ್ತು ವಿಭಾಗದಲ್ಲಿ ಮೊದಲ ಮಾತಾಗಿ "ಲಿಥಿಯಂ ತಗೋತಾರ" ಎಂದು ಹೇಳಿ. ಗುಳಿಗೆ ಬಿಡಬೇಕೆನಿಸಿದಾಗ, ನಿದ್ದೆ ಕಡಿಮೆಯಾಗಿ ಉಮೇದು ವಿಪರೀತ ಏರಿದಾಗ, ಬದುಕು ಬೇಡವೆನಿಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.