ಲಾ ಮೆರ್ಸೆದ್ ಫುಡ್ ವಾಕ್: "ಸಿನ್ ಕಾರ್ನೆ" ಅಂದರೆ ಸಾಲದು ಮೇಡಂ

ಮೇಡಂ, ನಿಮ್ಮ ಪ್ಲಾನ್ ಓದಿದೆ. ಭಾನುವಾರ ಸಂಜೆ 4ಕ್ಕೆ ಮೆಕ್ಸಿಕೋ ಸಿಟಿಯ ಲಾ ಮೆರ್ಸೆದ್ ಮಾರ್ಕೆಟ್‌ನಲ್ಲಿ ಮೂರು ಗಂಟೆ ಫುಡ್ ವಾಕ್. ಜೊತೆಗೆ ಸಸ್ಯಾಹಾರಿ ಅಪ್ಪ ಅಮ್ಮ. ಹೋಟೆಲ್‌ನಲ್ಲಿ ಊಟ ಮುಗಿಸಿಕೊಂಡೇ ಹೊರಡೋದು. ಬುಕಿಂಗ್ ಪೇಜಿನಲ್ಲಿ "ವೆಜ್ ಓಕೆ" ಅಂತ ಇದೆ, ಅಂಗಡಿಯಲ್ಲಿ "ಸಿನ್ ಕಾರ್ನೆ" (ಮಾಂಸವಿಲ್ಲದೆ) ಅಂದರೆ ಆಯ್ತು ಅಂತ ಬರೆದಿದ್ದೀರಿ. ದಯವಿಟ್ಟು ಹೀಗೆ ಹೋಗಬೇಡಿ. ನಾವು ಮೊದಲ ಸಲ ಹೋದಾಗ ಮಾಡಿದ್ದೂ ಇದನ್ನೇ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

"ಸಿನ್ ಕಾರ್ನೆ" ಅಂದರೆ ತಟ್ಟೆಯಲ್ಲಿ ಕಣ್ಣಿಗೆ ಕಾಣುವ ಮಾಂಸದ ತುಂಡು ಇರೋದಿಲ್ಲ, ಅಷ್ಟೇ. ಕೋಳಿ ಸಾರು, ಹಂದಿ ಕೊಬ್ಬು ಆ ಲೆಕ್ಕಕ್ಕೇ ಬರೋದಿಲ್ಲ. ಅವರು ಮೋಸ ಮಾಡುತ್ತಿಲ್ಲ, ಅವರ ಅಡುಗೆಮನೆಯಲ್ಲಿ ಅವು ನಮ್ಮ ಒಗ್ಗರಣೆ ಎಣ್ಣೆ ಇದ್ದ ಹಾಗೆ. ನಮ್ಮ ಗೈಡ್ ಕೂಡ ಒಳ್ಳೆಯ ಮನುಷ್ಯ, ಖುಷಿಯಿಂದಲೇ ಕೆಂಪು ಅನ್ನ, ಫ್ರಿಹೋಲೆಸ್ ಅನ್ನೋ ಬೀನ್ಸ್ ಕಾಳು, ಮೆಣಸಿನಕಾಯಿ ಸೀಳು ಹಾಕಿದ ತಮಾಲ್, ಅಂದರೆ ಮೆಕ್ಕೆಜೋಳದ ಹಿಟ್ಟಿನ ಕಡುಬು ಕೊಡಿಸಿದರು. ಎಲ್ಲರೂ ಚಪ್ಪರಿಸಿ ತಿಂದೆವು. ಮೂರನೇ ಅಂಗಡಿಯಲ್ಲಿ ನಮ್ಮ ಜೊತೆಗಿದ್ದ ಅಕ್ಕ ಒಲೆ ಪಕ್ಕ ನಿಂತಿದ್ದರು. ಅಡುಗೆಯಾಕೆ ಪ್ಲಾಸ್ಟಿಕ್ ಬಕೆಟ್‌ನಿಂದ ಒಂದು ಸೌಟು ಬಿಳಿ ಮುದ್ದೆ ತೆಗೆದು ಬಾಣಲೆಗೆ ಹಾಕಿದರು. ಅದು ಕರಗಿ ಚುರುಗುಟ್ಟಿದ ಮೇಲೆ ಬೆಂದ ಕಾಳು ಸುರಿದು ಮಸೆಯತೊಡಗಿದರು. ಅಕ್ಕ "ಅದೇನು?" ಅಂದರು. ಗೈಡ್ ಸಹಜವಾಗಿ "ಮಾಂತೇಕಾ" ಅಂದರು. ಹಂದಿ ಕೊಬ್ಬು. ಆಮೇಲೆ ಅಕ್ಕ ಏನನ್ನೂ ಬಾಯಿಗೆ ಇಡಲಿಲ್ಲ. ಇನ್ನೂ ಅರ್ಧ ದಾರಿ ಬಾಕಿ ಇತ್ತು. ನಿಮ್ಮ ಅಮ್ಮನಿಗೆ ಹಾಗೆ ಆಗೋದು ಬೇಡ.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಎರಡು. "ಯೇವಾ ಮಾಂತೇಕಾ?", ಅಂದರೆ ಹಂದಿ ಕೊಬ್ಬು ಇದೆಯಾ. "ಯೇವಾ ಕಾಲ್ದೊ ದೆ ಪೋಯೊ?", ಕೋಳಿ ಸಾರು ಇದೆಯಾ. ಒಂದು ಸಲ ಕೇಳಿ ಬಿಡೋದಲ್ಲ, ಪ್ರತಿ ಅಂಗಡಿಯಲ್ಲೂ, ಪ್ರತಿ ತಿಂಡಿಗೂ. ಅನ್ನಕ್ಕೆ ನಿಜವಾದ ಸಾರು ಹಾಕದಿದ್ದರೂ ಕ್ನೋರ್ ಸುಯಿಸಾ ಪುಡಿ ಬಿದ್ದಿರುತ್ತದೆ, ಅದೂ ಕೋಳಿಯದೇ. ತರಕಾರಿ ಸೂಪ್, ಅಣಬೆ ಪಲ್ಯಕ್ಕೂ ಉದುರಿಸುತ್ತಾರೆ. "ಬರೀ ತರಕಾರಿ ತಾನೇ" ಅಂತ ನಂಬಬೇಡಿ. ಅನ್ನವನ್ನು ಪೂರ್ತಿ ಬಿಟ್ಟುಬಿಡೋದು ನನ್ನ ಸಲಹೆ. ಅನ್ನ ತಿನ್ನೋಕೆ ಮೆಕ್ಸಿಕೋಗೆ ಹೋಗಬೇಕಾ?

ನಾನು ಈಗ ಯಾರು ಕೇಳಿದರೂ ಹೇಳೋದು ಒಂದೇ: ವಾಕ್ ಅನ್ನ ಮಾಸಾ (ಅರೆದ ಮೆಕ್ಕೆಜೋಳದ ಹಿಟ್ಟು) ಅಂಗಡಿಯಿಂದ ಶುರು ಮಾಡಿಸಿ. ಸಾಮಾನ್ಯವಾಗಿ ಗೈಡ್‌ಗಳು ಟಾಕೊದಿಂದ ಶುರು ಮಾಡುತ್ತಾರೆ. ನೀವು ಮೊದಲೇ ಮೆಸೇಜ್ ಮಾಡಿ, ನೀಲಿ ಮೆಕ್ಕೆಜೋಳದ ತ್ಲಾಕೊಯೊ, ಅಂದರೆ ಹೂರಣ ತುಂಬಿದ ದಪ್ಪ ರೊಟ್ಟಿ ಮಾಡುವ ಹೆಂಗಸರ ಹತ್ತಿರ ಮೊದಲು ಕರೆದುಕೊಂಡು ಹೋಗಿ ಅನ್ನಿ. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಹಾಗೇ ಬಿಟ್ಟು, ಬೆಳಿಗ್ಗೆ ಸಿಪ್ಪೆ ತೊಳೆದು ಅರೆಯುತ್ತಾರೆ. ಅದೇ ನಿಶ್ತಮಾಲ್. ನಾವು ಎಲೆಅಡಿಕೆಗೆ ಹಚ್ಚುವ ಅದೇ ಸುಣ್ಣ. ಇದರಿಂದ ಹಿಟ್ಟು ಜಿಗುಟಾಗಿ ತಟ್ಟಲು ಬರುತ್ತದೆ, ಜೋಳದಲ್ಲಿ ಅಡಗಿರುವ ಬಿ3 ವಿಟಮಿನ್ ಮೈಗೆ ಸಿಗುತ್ತದೆ. ಈ ವಿದ್ಯೆ ಬಿಟ್ಟು ಬರೀ ಜೋಳ ತೆಗೆದುಕೊಂಡು ಹೋದ ಯುರೋಪಿನ ಬಡವರಿಗೆ ಬಿ3 ಕೊರತೆಯ ಪೆಲಾಗ್ರಾ ರೋಗ ಬಂತು.

ಆ ಹೆಂಗಸರ ಕೈ ನೋಡಬೇಕು ಮೇಡಂ. ಬೂದಿ ನೀಲಿ ಬಣ್ಣದ ಹಿಟ್ಟಿನ ಉಂಡೆ, ಹೆಬ್ಬೆರಳಿನಿಂದ ನಡುವೆ ಗುಳಿ. ಒಳಗೆ ಬೇಯಿಸಿ ಅರೆದ ಹಾಬಾ ಕಾಳು, ಇಲ್ಲವೇ ಫ್ರಿಹೋಲ್, ಇಲ್ಲವೇ ರೆಕೆಸೋನ್ ಅನ್ನೋ ಮೆತ್ತನೆಯ ಚೀಸ್. ಮುಚ್ಚಿ, ಎರಡು ಅಂಗೈ ನಡುವೆ ತಟಪಟ ಬಡಿದು ಎರಡು ತುದಿ ಚೂಪಾಗಿ ಮಾಡಿ ಕೊಮಾಲ್ ಮೇಲೆ, ಅಂದರೆ ಹೆಂಚಿನ ಮೇಲೆ ಹಾಕುತ್ತಾರೆ. ಬೆಂದ ಮೇಲೆ ಹೆಚ್ಚಿದ ನೊಪಾಲ್, ಈರುಳ್ಳಿ, ತುರಿದ ಚೀಸ್, ಹಸಿರು ಸಾಲ್ಸಾ. ನೊಪಾಲ್ ಅಂದರೆ ನಮ್ಮ ಪಾಪಾಸುಕಳ್ಳಿಯ ಎಳೆ ಹಾಳೆ. ಪಕ್ಕದಲ್ಲೇ ಕೂತು ಚಾಕುವಿನಿಂದ ಮುಳ್ಳು ಹೆರೆಯುತ್ತಿರುತ್ತಾರೆ. ಸ್ವಲ್ಪ ಲೋಳೆ ಇರುತ್ತದೆ, ಅಪ್ಪನಿಗೆ ಮೊದಲೇ ಹೇಳಿಡಿ.

ತ್ಲಾಕೊಯೊ ಹಿಟ್ಟಿಗೆ ಸಾಮಾನ್ಯವಾಗಿ ಕೊಬ್ಬು ಸೇರಿಸೋದಿಲ್ಲ. ಆದರೆ ಹೆಂಚಿಗೆ ಏನು ಸವರಿದ್ದಾರೆ ಕೇಳಿ. ಫ್ರಿಹೋಲ್ ಹೂರಣಕ್ಕಿಂತ ಹಾಬಾ ಅಥವಾ ರೆಕೆಸೋನ್ ಮೇಲು, ಆದರೂ ಅದಕ್ಕೂ ಒಂದು ಮಾತು ಕೇಳಿಬಿಡಿ. ಕಟ್ಟಾ ಸಸ್ಯಾಹಾರಿಗಳಾದರೆ ಚೀಸ್‌ಗೆ ಹಾಲು ಒಡೆಸಲು ಹಾಕುವ ರೆನೆಟ್ (ಕೆಲವೊಮ್ಮೆ ಕರುವಿನ ಹೊಟ್ಟೆಯಿಂದ ತೆಗೆದದ್ದು) ವಿಷಯವೂ ಇದೆ, ಅದು ನಿಮ್ಮ ಮನೆಯ ತೀರ್ಮಾನ. ಅದೇ ಹೆಂಚಿನ ಮೇಲೆ ಪಕ್ಕದಲ್ಲಿ ಮಾಂಸವೂ ಬೇಯುತ್ತಿರುತ್ತದೆ. ಅದನ್ನೂ ಒಪ್ಪದವರಾದರೆ ಮಾರ್ಕೆಟ್ ವಾಕ್ ಬೇಡವೇ ಬೇಡ, ಹಣ್ಣು, ಸಿಹಿ, ಜ್ಯೂಸ್‌ನಲ್ಲೇ ಮುಗಿಸಿ.

ಇನ್ನೊಂದು: ಮೆಕ್ಸಿಕೋ ಸಿಟಿಯಲ್ಲಿ ಕೆಸದೀಯಾ (ಹೂರಣ ಇಟ್ಟು ಮಡಚಿದ ರೊಟ್ಟಿ) ಅಂದರೆ ಚೀಸ್ ಇದ್ದೇ ಇರುತ್ತದೆ ಅಂತೇನಿಲ್ಲ. "ಕೋನ್ ಕೇಸೊ", ಚೀಸ್ ಹಾಕಿ ಅಂತ ಕೇಳಿದರೆ ಹಾಕುತ್ತಾರೆ. ಕುಂಬಳ ಹೂವಿನದು ಕೇಳಿ, ಫ್ಲೋರ್ ದೆ ಕಲಬಾಸಾ. ವಿತ್ಲಕೋಚೆ ಅಂದರೆ ಜೋಳದ ತೆನೆಗೆ ಬರುವ ಕಾಡಿಗೆ ರೋಗದ ಬೂಷ್ಟು. ಕಪ್ಪಗೆ ಕಾಣುತ್ತದೆ ಅಂತ ಮುಖ ತಿರುಗಿಸಬೇಡಿ, ಅಣಬೆ ಇಷ್ಟಪಡುವವರಿಗೆ ಅದೇ ಬಲು ರುಚಿ. ಕರಿದದ್ದು ಬೇಡ, ಹೆಂಚಿನ ಮೇಲಿನದೇ ಹೇಳಿ, ಕರಿಯೋ ಎಣ್ಣೆಯಲ್ಲಿ ಏನೇನು ಬಿದ್ದಿದೆಯೋ. ಚೀಲೆ ರೆಯೆನೊ, ಅಂದರೆ ಹೂರಣ ತುಂಬಿದ ಮೆಣಸಿನಕಾಯಿ ಮೇಲೆ ಮೊಟ್ಟೆ ಹಿಟ್ಟು ಇರುತ್ತದೆ. ಮೋಲೆ ಸಾಸ್ ಅನ್ನು ಸಾಮಾನ್ಯವಾಗಿ ಕೋಳಿ ಸಾರಿನಲ್ಲೇ ಕದಡುತ್ತಾರೆ. ಎಸ್ಕಿತೆಸ್ ಬರೀ ಜೋಳದ ಕಾಳು ಅಂದುಕೊಳ್ಳಬೇಡಿ, ಕೆಲವರು ಕೋಳಿ ಕಾಲು ಹಾಕಿಯೇ ಬೇಯಿಸುತ್ತಾರೆ. ಅದಕ್ಕಿಂತ ಕೆಂಡದ ಮೇಲೆ ಸುಟ್ಟ ತೆನೆಗೆ ನಿಂಬೆ, ಖಾರಪುಡಿ ಹಚ್ಚಿಸಿಕೊಳ್ಳಿ, ಮೇಯೊನೀಸ್ ಬೇಡ ಅನ್ನಿ. ಚಿಚರೋನ್ ಅಂದರೆ ಹಂದಿ ಚರ್ಮ, ಆದರೆ ಚಿಚರೋನ್ ದೆ ಅರೀನಾ ಗೋಧಿಯದು. ಕೈ ತೋರಿಸಿ "ಅರೀನಾ?" ಅಂತ ಖಾತ್ರಿ ಮಾಡಿಕೊಳ್ಳಿ.

ಮಾಸಾ ಬಗ್ಗೆ ಒಂದು ಜಗಳ ಇದೆ ನನ್ನದು. ಮಸೇಕಾ ಪ್ಯಾಕೆಟ್ ಹಿಟ್ಟು ಡಲ್ಲಾಸ್‌ನ ನಿಮ್ಮ ಮನೆಯಲ್ಲಿ ಆತುರಕ್ಕೆ ಆಗುತ್ತದೆ. ಆದರೆ ದುಡ್ಡು ಕೊಟ್ಟು ಫುಡ್ ವಾಕ್ ಹೋಗಿ ಅದನ್ನೇ ತಿಂದು ಬರೋದಾ? ಅರೆದ ಹಸಿ ಹಿಟ್ಟಿಗೆ ಸುಣ್ಣದ, ತೊಳೆದ ಕಾಳಿನ ಘಮ ಇರುತ್ತದೆ. ಪ್ಯಾಕೆಟ್ ಹಿಟ್ಟಿನದು ಬೇಗ ಬಿರುಕು ಬಿಡುತ್ತದೆ. ಗೈಡ್ ಹತ್ತಿರ "ನಿಶ್ತಮಾಲ್ ಮಾಸಾ ಯಾವ ಅಂಗಡಿಯಲ್ಲಿ?" ಅಂತ ಕೇಳಿ. ತಡಬಡಾಯಿಸಿದರೆ ಆ ಗೈಡ್ ಬೇಡ. ಹಾಗೇ ಕೇಳಿ, ಮಾಂಸದ ಅಂಗಡಿ ಬಂದಾಗ ನಮಗೆ ಬದಲಿ ಏನು ಕೊಡಿಸುತ್ತೀರಿ? "ವೆಜ್ ಓಕೆ" ಅಂದರೆ ಎಷ್ಟೋ ಕಡೆ ಆ ನಿಲ್ದಾಣದಲ್ಲಿ ನೀವು ಸುಮ್ನೆ ನಿಂತು ನೋಡೋದು ಅಂತ. ಪೂರ್ತಿ ದುಡ್ಡು ಕೊಟ್ಟು ಅದ್ಯಾಕೆ?

ಈಗ ಸಮಯ. ಸಂಜೆ 4 ಬೇಡ. ಮಾಸಾ ಮುಗಿದರೆ ಹೆಂಚು ಇಳಿಯಿತು, ಸಂಜೆಗೆ ಒಬ್ಬೊಬ್ಬರೇ ಗಂಟು ಕಟ್ಟುತ್ತಾರೆ. ಕತ್ತಲಾದ ಮೇಲೆ ಆ ಬೀದಿಗಳಲ್ಲಿ ವಯಸ್ಸಾದವರ ಜೊತೆ ಓಡಾಡೋದು ಬೇಡವೇ ಬೇಡ. ವಾರದ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅಲ್ಲಿರಿ, ಹೊಟ್ಟೆ ಖಾಲಿ ಇಟ್ಟುಕೊಂಡು. ಒಂದು ತ್ಲಾಕೊಯೊ ತಿಂದರೆ ಅರ್ಧ ಊಟ ಆದಂತೆ, ಮೂವರಿಗೆ ಒಂದು ಹಂಚಿಕೊಳ್ಳಿ. ಮೆಕ್ಸಿಕೋ ಸಿಟಿ 2,240 ಮೀಟರ್ ಎತ್ತರದಲ್ಲಿದೆ, ಬಂದಿಳಿದ ದಿನವೇ ಅಪ್ಪನನ್ನು ನಡೆಸಬೇಡಿ, ಏದುಸಿರು ಬರುತ್ತದೆ.

ಮೆಟ್ರೋದಲ್ಲೇ ಹೋಗಬಹುದು, ಲೈನ್ 1, ಗುಲಾಬಿ ಬಣ್ಣ. ಮೆರ್ಸೆದ್ ಸ್ಟೇಷನ್ ಹೊರದಾರಿ ಮಾರ್ಕೆಟ್ ಒಳಗೇ ತೆರೆಯುತ್ತದೆ, ಮೆಟ್ಟಿಲು ಹತ್ತುವಾಗಲೇ ಈರುಳ್ಳಿ ಮೂಗಿಗೆ ಬಡಿಯುತ್ತದೆ. ಅಮ್ಮನಿಗೆ ಹೆಸರು ಓದಲು ಕಷ್ಟವಾದರೆ ಸೇಬಿನ ಪೆಟ್ಟಿಗೆಯ ಚಿತ್ರ ನೋಡಿ ಇಳಿಯಿರಿ ಅನ್ನಿ. 1969ರಲ್ಲಿ ಶುರುವಾದಾಗಿನಿಂದ ಅಲ್ಲಿ ಪ್ರತಿ ಸ್ಟೇಷನ್‌ಗೂ ಚಿತ್ರ ಇದೆ. ಮುಂದಿನ ಬೋಗಿಗಳು ಹೆಂಗಸರು, ಮಕ್ಕಳಿಗೆ. ಆಫೀಸ್ ಹೊತ್ತಿನ ನೂಕುನುಗ್ಗಲಲ್ಲಿ ಮಾತ್ರ ಬೇಡ.

ಒಳಗೆ ಹೋದ ಮೇಲೆ "ಗೋಲ್ಪೆ, ಗೋಲ್ಪೆ!" ಅಂತ ಕೂಗು ಕೇಳಿದರೆ ತಿರುಗಿ ನೋಡುತ್ತಾ ನಿಲ್ಲಬೇಡಿ, ತಕ್ಷಣ ಒಂದು ಬದಿಗೆ ಸರಿಯಿರಿ. ತಳ್ಳುಗಾಡಿಯಲ್ಲಿ ತಲೆಗಿಂತ ಎತ್ತರ ಪೆಟ್ಟಿಗೆ ಪೇರಿಸಿಕೊಂಡು ಹಮಾಲರು ಬರುತ್ತಿರುತ್ತಾರೆ. ಅವರಿಗೆ ಮುಂದೆ ಕಾಣೋದಿಲ್ಲ, ನಿಲ್ಲಿಸೋಕೂ ಆಗೋದಿಲ್ಲ. ಈ ಕಾರಣಕ್ಕೇ ದೊಡ್ಡ ಗುಂಪಿನ ಟೂರ್ ಬೇಡ ಅನ್ನೋದು. ಆರೇಳು ಜನಕ್ಕಿಂತ ಜಾಸ್ತಿ ಇದ್ದರೆ ಆ ಓಣಿಯಲ್ಲಿ ಗೈಡ್ ಹೇಳಿದ್ದು ಹಿಂದಿನವರಿಗೆ ಕೇಳೋದಿಲ್ಲ, ವ್ಯಾಪಾರಿಗಳಿಗೂ ತೊಂದರೆ. ನೆಲ ಒದ್ದೆ, ಅಮ್ಮನಿಗೆ ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ. ಫೋನ್ ಹಿಂದಿನ ಜೇಬಿನಲ್ಲಿ ಇಡಬೇಡಿ. ಫೋಟೋ ಕೇಳಿಯೇ ತೆಗೆಯಿರಿ. ಹೊರಗಿನ ಬೀದಿಗಳಲ್ಲಿ ಲೈಂಗಿಕ ವೃತ್ತಿಯ ಹೆಂಗಸರು ನಿಂತಿರುತ್ತಾರೆ, ಆ ಕಡೆ ಕ್ಯಾಮೆರಾ ಹಿಡಿಯಲೇಬಾರದು.

ಚಿಲ್ಲರೆ ಇಟ್ಟುಕೊಳ್ಳಿ. 500 ಪೆಸೊ ನೋಟು ಕೊಟ್ಟರೆ ತ್ಲಾಕೊಯೊ ಅಮ್ಮ ಅಕ್ಕಪಕ್ಕದ ಅಂಗಡಿ ಸುತ್ತಬೇಕಾಗುತ್ತದೆ. ಟಾಯ್ಲೆಟ್‌ಗೂ ನಾಣ್ಯ ಬೇಕು, ಪೇಪರ್ ಬಾಗಿಲಲ್ಲೇ ಕೊಡುತ್ತಾರೆ. ಎದ್ದು ಹೋಗುವಾಗ ಪಕ್ಕದಲ್ಲಿ ತಿನ್ನುತ್ತಿರುವವರಿಗೆ "ಪ್ರೊವೇಚೊ" ಅನ್ನಿ, ಅಲ್ಲಿನ ಮರ್ಯಾದೆ ಅದು.

ಕುಡಿಯೋಕೆ ಆಗ್ವಾ ದೆ ಹಮೈಕಾ ಕೊಡಿಸಿ. ಉತ್ತರ ಕರ್ನಾಟಕದವರಿಗೆ ಹೇಳೋದೇ ಬೇಡ, ಅದು ಪುಂಡಿ ಹೂವಿನ ಬುಡದ ಕೆಂಪು ಎಸಳಿನ ಪಾನಕ. ಹುಣಸೆಯದೂ ಇರುತ್ತದೆ. ಐಸ್ ನಡುವೆ ತೂತಿರುವ ಕೊಳವೆ ಆಕಾರದ್ದಾದರೆ ಕಾರ್ಖಾನೆಯದು ಅಂತ ಧೈರ್ಯ. ಇಲ್ಲದಿದ್ದರೆ "ಸಿನ್ ಯೇಲೊ", ಐಸ್ ಬೇಡ ಅನ್ನಿ. ಒಆರ್‌ಎಸ್ ಪ್ಯಾಕೆಟ್ ಮನೆಯಿಂದಲೇ ಒಯ್ಯಿರಿ. ಎಲ್ಲರೂ ಹೇಳುವ ಎಲೆಕ್ಟ್ರೋಲಿಟ್ ಬಾಟಲ್ ಅಲ್ಲಿ ಮೂಲೆ ಮೂಲೆಗೂ ಸಿಗುತ್ತದೆ, ಆದರೆ ಸಿಹಿ, ಅಪ್ಪನಿಗೆ ಶುಗರ್ ಇದ್ದರೆ ನೋಡಿಕೊಳ್ಳಿ.

ಸೊನೋರಾ ಮಾರ್ಕೆಟ್ ಕೂಡ ಸೇರಿಸಿದ್ದೀರಿ. ಗಿಡಮೂಲಿಕೆ, ಮಾಟಮಂತ್ರದ ಸಾಮಾನು ಸರಿ, ಆದರೆ ಪಂಜರದಲ್ಲಿ ಜೀವಂತ ಪ್ರಾಣಿಗಳನ್ನು ತುಂಬಿರುತ್ತಾರೆ. ಊಟದ ನಡುವೆ ಅಮ್ಮನಿಗೆ ಅದನ್ನು ತೋರಿಸಬೇಡಿ. ಆ ಹೊತ್ತನ್ನು ಅಂಪುದಿಯಾ ಸಿಹಿ ಮಾರ್ಕೆಟ್‌ಗೆ ಕೊಡಿ. ರಾಜಗಿರಿ ಕಾಳಿನ ಅಲೆಗ್ರಿಯಾ, ಶೇಂಗಾ ಚಿಕ್ಕಿಯಂಥ ಪಲಂಕೇತಾ, ಕೊಬ್ಬರಿ ಕೊಕಾದಾ, ಪೇರಳೆಯ ಆತೆ, ಎಲ್ಲ ಸಿಗುತ್ತದೆ. ಜೆಲಾಟಿನ್ ಇರೋ ಮೆತ್ತನೆಯವು ಬಿಟ್ಟುಬಿಡಿ. ಹಾದಿಯಲ್ಲಿ ರೊಲ್ದಾನ್ ಬೀದಿ ತೋರಿಸಿ ಅನ್ನಿ. ಹಿಂದೆ ಅಲ್ಲಿ ಕಾಲುವೆ ಇತ್ತು, ದೋಣಿಗಳಲ್ಲಿ ತರಕಾರಿ ಬಂದು ಇಳಿಯುತ್ತಿತ್ತು. ಈಗಿನ ದೊಡ್ಡ ಕಟ್ಟಡ 1957ರದ್ದು, ವಾಸ್ತುಶಿಲ್ಪಿ ಎನ್ರಿಕೆ ದೆಲ್ ಮೊರಾಲ್ ಅವರ ವಿನ್ಯಾಸ. 1982ರಲ್ಲಿ ಸಗಟು ವ್ಯಾಪಾರ ಇಸ್ತಪಲಾಪಾದ ಸೆಂಟ್ರಲ್ ದೆ ಅಬಾಸ್ತೊ ಮಾರ್ಕೆಟ್‌ಗೆ ಹೋಯಿತು, ಆದರೂ ಇಲ್ಲಿನ ಗದ್ದಲ ಕಡಿಮೆಯಾಗಿಲ್ಲ. ಸೆಪ್ಟೆಂಬರ್ 24ರ ಆಸುಪಾಸಿಗೆ ಹೋದರೆ ಮೆರ್ಸೆದ್ ಮಾತೆಯ ಹಬ್ಬ, ಹಾಡು ಕುಣಿತ ನೋಡೋಕೆ ಚಂದ, ತಿಂದು ನಡೆಯೋಕೆ ಕಷ್ಟ.

ಒಣಮೆಣಸಿನಕಾಯಿ ಸಾಲು ತಪ್ಪಿಸಬೇಡಿ, ಅದೇ ನನಗೆ ಮಾರ್ಕೆಟ್‌ನ ಜೀವ. ನಮ್ಮ ಮೆಣಸಿನಕಾಯಿ ಹೊರಟಿದ್ದೇ ಆ ನಾಡಿನ ಕಡೆಯಿಂದ ಅಲ್ವಾ. ಬ್ಯಾಡಗಿ ಬದಲಿಗೆ ಗ್ವಾಹಿಯೊ ತನ್ನಿ, ಅದರ ಹಾಗೇ ಬಣ್ಣ ಜಾಸ್ತಿ, ಖಾರ ಕಡಿಮೆ, ಸಾರಿನ ಪುಡಿಗೂ ಒಗ್ಗುತ್ತದೆ. ಖಾರ ಬೇಕಾದರೆ ಆರ್ಬೋಲ್. ಚಿಪೋತ್ಲೆ ಹೊಗೆ ಹಾಕಿದ್ದು, ಹುಳಿಗೆ ಹಾಕಿ ಕೆಡಿಸಬೇಡಿ. ಬಗ್ಗಿಸಿ ನೋಡಿ, ಮಡಚಬೇಕು, ಪುಡಿಯಾದರೆ ಹಳೆಯದು. ವಾಪಸ್ ಹೋಗುವಾಗ ಅಮೆರಿಕದ ಕಸ್ಟಮ್ಸ್‌ನಲ್ಲಿ ತಿನ್ನೋ ಸಾಮಾನೆಲ್ಲ ಡಿಕ್ಲೇರ್ ಮಾಡಿ, ಹಸಿ ಹಣ್ಣು ಮುಟ್ಟಲೇಬೇಡಿ. ಸಪೋಟ, ಮಮೇಯ್ ಎಷ್ಟು ಬೇಕೋ ಅಲ್ಲೇ ನಿಂತು ತಿನ್ನಿ. ಮೋಲೆ ಪೇಸ್ಟ್ ಕೊಂಡರೆ ಮಾಂತೇಕಾ ಇದೆಯಾ ಕೇಳಿ, ಚೆಕ್-ಇನ್ ಬ್ಯಾಗ್‌ಗೆ ಹಾಕಿ.

ಗೈಡ್‌ಗೆ ಇವತ್ತೇ ಮೆಸೇಜ್ ಮಾಡಿ: ಬೆಳಿಗ್ಗೆಗೆ ಬದಲಾಯಿಸೋಕೆ ಆಗುತ್ತಾ, ಮಾಂತೇಕಾ, ಕೋಳಿ ಸಾರು ಇಲ್ಲದ ಅಂಗಡಿಗಳು ಯಾವುವು, ಬದಲಿ ಏನು. ಏನು ಉತ್ತರ ಬಂತು ಅಂತ ಇಲ್ಲೇ ಹಾಕಿ, ಸ್ಪ್ಯಾನಿಷ್‌ನಲ್ಲಿದ್ದರೂ ಪರವಾಗಿಲ್ಲ, ಓದಿ ಹೇಳುತ್ತೇನೆ.