ಕಲ್ಲು ಅಲ್ಲೇ ಇದೆ, ಜಿಪಿಎಸ್ ಯಾಕೆ ಬೇರೆ ಹೇಳುತ್ತದೆ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಗಡಿಕಲ್ಲಿನ ಮೇಲೆ ಜಿಪಿಎಸ್ ರಿಸೀವರ್ ಇಟ್ಟು ಗುರುತು ಹಾಕಿದೆ. ನಿಖರತೆ 4 ಮೀಟರ್ ಎಂದಿತ್ತು. ಮಾರನೇ ದಿನ ಅದೇ ಕಲ್ಲು 9 ಮೀಟರ್ ಆಚೆ ತೋರಿಸಿತು! ಸಿಗ್ನಲ್ ಕಡ್ಡಿಗಳೂ ಚೆನ್ನಾಗಿಯೇ ಇದ್ದವು. ಕೆಟ್ಟಿದೆಯೇ?
– ಓದುಗರು, ಶಿರಸಿ

ಉತ್ತರ: ಕೆಟ್ಟಿಲ್ಲ, ರಿಪೇರಿಗೆ ಕೊಡಬೇಡಿ. ಆ 4 ಮೀಟರ್ ಬರೀ ಅಂದಾಜು. ಕಲ್ಲು ನಿಜವಾಗಿ ಎಲ್ಲಿದೆ ಅಂತ ರಿಸೀವರಿಗೆ ಗೊತ್ತಿಲ್ಲ ಅಲ್ವಾ? ತನಗೆ ಬಂದ ಸಿಗ್ನಲ್ ನೋಡಿ ಲೆಕ್ಕ ಹಾಕಿ ಹೇಳುತ್ತದೆ, ಎಷ್ಟೋ ಸಲ ತಪ್ಪು ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಮೊದಲ ದಿನ ಪೂರ್ವಕ್ಕೆ 4, ಮರುದಿನ ಪಶ್ಚಿಮಕ್ಕೆ 5 ತಪ್ಪಿದರೂ ಸಾಕು, ನಿಮ್ಮ 9 ಮೀಟರ್ ಆಯಿತು.

ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಮೇಲಿಂದ ಸಮಯ ಹೇಳುತ್ತಿರುತ್ತವೆ, ಆ ಸಿಗ್ನಲ್ ಬರಲು ಹಿಡಿದ ಹೊತ್ತಿನಿಂದ ರಿಸೀವರ್ ದೂರ ಅಳೆಯುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೆ 300 ಮೀಟರ್ ವ್ಯತ್ಯಾಸ! ರಿಸೀವರಿನೊಳಗಿನ ಅಗ್ಗದ ಗಡಿಯಾರದ ತಪ್ಪನ್ನೂ ತಿದ್ದಿಕೊಳ್ಳಬೇಕು, ಅದಕ್ಕೇ ಕಡಿಮೆಯೆಂದರೂ 4 ಉಪಗ್ರಹ ಬೇಕು.

ಕಡ್ಡಿ ಎತ್ತರ ಇದ್ದರೆ ಸಿಗ್ನಲ್ ಜೋರಾಗಿದೆ ಎಂದಷ್ಟೇ ಅರ್ಥ. ಅದು ನೇರವಾಗಿ ಬಂತೋ, ಪಕ್ಕದ ದರೆಗೋ ತಗಡಿನ ಸೂರಿಗೋ ಬಡಿದು ಸುತ್ತಿಕೊಂಡು ಬಂತೋ ಕಡ್ಡಿ ಹೇಳುವುದಿಲ್ಲ. ಸುತ್ತಿ ಬಂದರೆ ದೂರ ಜಾಸ್ತಿ ಕಾಣುತ್ತದೆ. ಉಪಗ್ರಹಗಳು ಎಲ್ಲೆಲ್ಲಿವೆ ಅನ್ನೋದೂ ಮುಖ್ಯ. ಚಪ್ಪರದ ಕಂಬಕ್ಕೆ ಹಗ್ಗವನ್ನೆಲ್ಲ ಒಂದೇ ಕಡೆಯಿಂದ ಎಳೆದು ಕಟ್ಟಿದರೆ ಕಂಬ ವಾಲುತ್ತದೆ, ಸುತ್ತಲಿಂದ ಕಟ್ಟಿದರೆ ನಿಲ್ಲುತ್ತದೆ. ಇದೂ ಹಾಗೇ. ನಿಮ್ಮ ತೋಟ ಎರಡು ಗುಡ್ಡದ ನಡುವೆ ಇದ್ದರೆ ಅಂಚಿನ ಉಪಗ್ರಹಗಳು ಮರೆಯಾಗಿ ನೆತ್ತಿಯ ಮೇಲಿನವಷ್ಟೇ ಉಳಿಯುತ್ತವೆ. ಪರದೆಯಲ್ಲಿ ಆಕಾಶದ ದುಂಡನೆಯ ಚಿತ್ರ ಇರುತ್ತದಲ್ಲ, ಉಪಗ್ರಹಗಳು ಸುತ್ತಲೂ ಹರಡಿವೆಯೋ ಅಂತ ಮೊದಲು ಅದರಲ್ಲಿ ನೋಡಿ.

ಆನ್ ಮಾಡಿದ ಕೂಡಲೇ ಗುರುತು ಹಾಕಬೇಡಿ, ಒಂದೈದು ನಿಮಿಷ ಕಾಯಿರಿ. ಸರಾಸರಿ ತೆಗೆಯುವ ಸೌಲಭ್ಯ ಇದ್ದರೆ ಬಳಸಿ. ಬೆಳಿಗ್ಗೆ, ಮಧ್ಯಾಹ್ನ, ಬೇರೆ ದಿನ ಹೀಗೆ ನಾಲ್ಕಾರು ಸಲ ಅಳೆದರೆ ಇನ್ನೂ ಒಳ್ಳೆಯದು.

ಆದರೆ ಇದನ್ನು ನಂಬಿ ದಯವಿಟ್ಟು ಗಡಿಕಲ್ಲು ಕೀಳಬೇಡಿ, ಬೇಲಿ ಸರಿಸಬೇಡಿ. ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ, ಹತ್ತು ಹತ್ತು ಮೀಟರ್ ಅಷ್ಟೇ. ಅದರಲ್ಲಿ 9 ಮೀಟರ್ ತಪ್ಪಿದರೆ ಏನು ಉಳಿಯಿತು? ಗಡಿ ಗೊತ್ತಾಗಬೇಕಿದ್ದರೆ ಸರ್ವೆಗೆ ಅರ್ಜಿ ಹಾಕಿ. ಸರ್ವೆಯವರು ಬಳಸುವ ರೋವರ್ ಎಂಬ ರಿಸೀವರ್, ಜಾಗ ಖಚಿತವಾಗಿ ಗೊತ್ತಿರುವ ಇನ್ನೊಂದು ಕೇಂದ್ರದಿಂದ ತಿದ್ದುಪಡಿ ಪಡೆಯುತ್ತದೆ, ಹಾಗಾಗಿ ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ.